ಮನೆಯ ವಿದ್ಯುದ್ದೀಪ: ಪತಿಪತ್ನಿಯರಿಬ್ಬರೂ ತಿಳಿದಿರಬೇಕಾದ ಸಂಗತಿಗಳು



ಉಯ್ಯಂಬಳ್ಳಿ ಹೋಬಳಿಯ ಜನರಿಗೆ ಸಂಗಮವು ಚಿರಪರಿಚಿತವಾದ ಸ್ಥಳ. ಅಲ್ಲಿ ಅರ್ಕಾವತಿಯನ್ನು ಕೂಡಿಕೊಂಡು ಮೇಕೆದಾಟಿನ ಕಡೆಗೆ ಸಾಗುವ ಕಾವೇರಿಯು, ಅದಕ್ಕೆ ಮೊದಲೇ ಶಿವನಸಮುದ್ರದಲ್ಲಿ ಧುಮುಕಿ ವಿದ್ಯುಚ್ಛಕ್ತಿಯನ್ನು ಕೊಟ್ಟು ಬಂದಿರುತ್ತಾಳೆ. 1902ರಲ್ಲಿ ಶಿವನಸಮುದ್ರದಿಂದ ಹೊರಟ ವಿದ್ಯುತ್ತು ಕೋಲಾರದ ಚಿನ್ನದ ಗಣಿಗಳನ್ನು ಮುಟ್ಟಿತು. 1905ರಲ್ಲಿ ಬೆಂಗಳೂರಿನ ಬೀದಿಗಳನ್ನು ಬೆಳಗಿತು. ಹಳ್ಳಿಗಳು ಮಾತ್ರ ಬಹುಕಾಲ ಸೀಮೆಎಣ್ಣೆ ಬುಡ್ಡಿಯ ಬೆಳಕಿನಲ್ಲಿಯೇ ರಾತ್ರಿಗಳನ್ನು ಕಳೆದವು. 1980ರ ದಶಕದಲ್ಲಿ ಭಾಗ್ಯಜ್ಯೋತಿ, ಕುಟೀರಜ್ಯೋತಿ ಯೋಜನೆಗಳು ಬಡವರ ಮನೆಗಳಿಗೆ ಒಂದೊಂದು ದೀಪವನ್ನು ಕೊಟ್ಟವು.

ಆ ಒಂದು ದೀಪದ ಮನೆಯಲ್ಲಿ ಇಂದು ದೂರದರ್ಶನ ಪೆಟ್ಟಿಗೆ, ಮಿಕ್ಸಿ, ಫ್ಯಾನು, ಇಸ್ತ್ರಿ ಪೆಟ್ಟಿಗೆ, ನೀರು ಕಾಯಿಸುವ ಕಾಯಿಲ್, ಮೊಬೈಲು ಎಲ್ಲವೂ ಸೇರಿವೆ. ಆದರೆ ಅನೇಕ ಮನೆಗಳಲ್ಲಿ ಗೋಡೆಯ ಮೇಲಿನ ತಂತಿ ಮಾತ್ರ ಒಂದು ದೀಪಕ್ಕೆಂದು ಎಳೆದ ಹಳೆಯ ತಂತಿಯೇ ಆಗಿದೆ. ಗ್ರಾಮೀಣ ಗೃಹಗಳಲ್ಲಿ ಸಂಭವಿಸುವ ವಿದ್ಯುತ್ ಅಪಘಾತಗಳಿಗೆ ಇದೊಂದು ಮುಖ್ಯ ಕಾರಣ. ಮತ್ತೊಂದು ಕಾರಣವೂ ಉಂಟು. ಕರೆಂಟಿನ ವಿಷಯವು ಗಂಡಸರದು ಎಂಬ ಭಾವನೆ ನಮ್ಮಲ್ಲಿ ಬೇರೂರಿದೆ. ಯಜಮಾನರು ಹೊಲಕ್ಕೋ ಕನಕಪುರಕ್ಕೋ ಬೆಂಗಳೂರಿಗೋ ಹೋದ ಹೊತ್ತಿನಲ್ಲಿ ಮನೆಯಲ್ಲಿರುವವರು ಗೃಹಿಣಿ, ವೃದ್ಧರು ಮತ್ತು ಮಕ್ಕಳು. ಅಪಾಯವು ಯಜಮಾನರು ಮನೆಗೆ ಬರುವವರೆಗೆ ಕಾಯುವುದಿಲ್ಲ. ಆದುದರಿಂದ ಈ ಲೇಖನವನ್ನು ಇಬ್ಬರೂ ಒಟ್ಟಿಗೆ ಕುಳಿತು ಓದಬೇಕೆಂದು ಕೋರುತ್ತೇವೆ. ಓದು ಬಾರದ ಹಿರಿಯರಿಗೆ ಓದಿ ಹೇಳಿರಿ.

ಎಷ್ಟು ಕರೆಂಟು ಅಪಾಯಕಾರಿ?

ನಮ್ಮ ಮನೆಗಳಿಗೆ ಬರುವ ವಿದ್ಯುತ್ತಿನ ಒತ್ತಡ 230 ವೋಲ್ಟ್. ಒಂದು 60 ವ್ಯಾಟಿನ ಹಳೆಯ ಬಲ್ಬಿನಲ್ಲಿ ಹರಿಯುವ ಕರೆಂಟು ಸುಮಾರು 260 ಮಿಲಿ ಆಂಪಿಯರ್. ಇದರಲ್ಲಿ ಕೇವಲ 10 ಮಿಲಿ ಆಂಪಿಯರ್‌ನಷ್ಟು ಮನುಷ್ಯನ ಕೈಯ ಮೂಲಕ ಹರಿದರೂ ಮಾಂಸಖಂಡಗಳು ಬಿಗಿದುಕೊಂಡು, ಹಿಡಿದ ತಂತಿಯನ್ನು ಬಿಡಲಾಗದ ಸ್ಥಿತಿ ಉಂಟಾಗಬಹುದು. 50ರಿಂದ 100 ಮಿಲಿ ಆಂಪಿಯರ್ ಎದೆಯ ಮೂಲಕ ಹಾದುಹೋದರೆ ಹೃದಯದ ಬಡಿತವು ತಾಳತಪ್ಪಿ ಸಾವು ಸಂಭವಿಸಬಹುದು. ಅಂದರೆ ಒಂದು ಚಿಕ್ಕ ಬಲ್ಬನ್ನು ಉರಿಸುವ ಶಕ್ತಿಯು ಒಂದು ಜೀವವನ್ನು ತೆಗೆಯಲು ಸಾಕು, ಮಿಕ್ಕುತ್ತದೆ. "ಒಂದು ಬಲ್ಬು ತಾನೇ, ಏನಾದೀತು?" ಎಂಬ ಮಾತನ್ನು ಇನ್ನು ಮುಂದೆ ಯಾರೂ ಆಡಬಾರದು.

ಒಣಗಿದ ಚರ್ಮವು ಕರೆಂಟನ್ನು ಒಂದಿಷ್ಟು ತಡೆಯುತ್ತದೆ. ಒದ್ದೆಯಾದ ಚರ್ಮವು ಅದನ್ನು ಸುಲಭವಾಗಿ ಒಳಕ್ಕೆ ಬಿಡುತ್ತದೆ. ಒದ್ದೆ ಕೈಯಿಂದ ಸ್ವಿಚ್ಚನ್ನು ಮುಟ್ಟಬಾರದು, ಬರಿಗಾಲಿನಲ್ಲಿ ಒದ್ದೆ ನೆಲದ ಮೇಲೆ ನಿಂತು ಉಪಕರಣಗಳನ್ನು ಬಳಸಬಾರದು ಎನ್ನುವುದು ಇದೇ ಕಾರಣಕ್ಕೆ.

ಮೇನ್ ಸ್ವಿಚ್ಚು ಇಬ್ಬರಿಗೂ ತಿಳಿದಿರಲಿ

ಮೀಟರಿನ ಬಳಿ ಇರುವ ಮೇನ್ ಸ್ವಿಚ್ಚನ್ನು ಆರಿಸಿದರೆ ಮನೆಯೊಳಗಿನ ಸಮಸ್ತ ತಂತಿಗಳಿಗೂ ಕರೆಂಟು ನಿಲ್ಲುತ್ತದೆ. ಅದು ಎಲ್ಲಿದೆ, ಯಾವ ದಿಕ್ಕಿಗೆ ತಿರುಗಿಸಿದರೆ ಆರುತ್ತದೆ ಎಂಬುದನ್ನು ಪತಿಪತ್ನಿಯರಿಬ್ಬರೂ, ತಿಳಿವಳಿಕೆ ಬಂದ ಮಕ್ಕಳೂ ಒಮ್ಮೆ ಕೈಯಿಂದ ಮಾಡಿ ಕಲಿತಿರಬೇಕು. ಅದರ ಮುಂದೆ ರಾಗಿ ಮೂಟೆ, ಸೌದೆ, ಹಳೆಯ ಸಾಮಾನುಗಳನ್ನು ಒಟ್ಟಬಾರದು. ಕತ್ತಲೆಯಲ್ಲಿಯೂ ತಡವರಿಸದೆ ಕೈಗೆ ಎಟಕುವಂತಿರಬೇಕು. ಬಲ್ಬು ಬದಲಾಯಿಸುವಾಗ, ಫ್ಯೂಸು ಹಾಕುವಾಗ, ಗೋಡೆಗೆ ಸುಣ್ಣ ಬಳಿಯುವಾಗ ಮೊದಲು ಮೇನ್ ಆರಿಸಿ, ಬಳಿಕ ಕೆಲಸಕ್ಕೆ ಕೈಹಾಕತಕ್ಕದ್ದು.

ದೀಪದ ಸ್ವಿಚ್ಚು ಸದಾ ಫೇಸ್ ತಂತಿಯ ಮೇಲೆಯೇ ಇರಬೇಕು. ಅನುಭವವಿಲ್ಲದವರು ಅದನ್ನು ನ್ಯೂಟ್ರಲ್ ತಂತಿಗೆ ಜೋಡಿಸಿದ್ದರೆ, ಸ್ವಿಚ್ಚು ಆರಿಸಿದಾಗ ದೀಪವೇನೋ ಆರುತ್ತದೆ; ಆದರೆ ಹೋಲ್ಡರಿನಲ್ಲಿ ಕರೆಂಟು ಉಳಿದಿರುತ್ತದೆ. ದೀಪ ಆರಿದೆಯೆಂದು ನಂಬಿ ಕೈಯಿಟ್ಟವರು ಅಪಾಯಕ್ಕೆ ಸಿಲುಕುತ್ತಾರೆ. ವೈರಿಂಗ್ ಕೆಲಸವನ್ನು ಪರವಾನಗಿ ಪಡೆದವರಿಂದಲೇ ಮಾಡಿಸಬೇಕೆನ್ನಲು ಇದೊಂದೇ ಉದಾಹರಣೆ ಸಾಕು.

ಮೂವರು ಕಾವಲುಗಾರರು

ಮನೆಯನ್ನು ಮೂವರು ಕಾವಲುಗಾರರು ಕಾಯುತ್ತಾರೆ ಎಂದು ತಿಳಿಯಿರಿ. ಮೊದಲನೆಯದು ಫ್ಯೂಸು. ತಂತಿಯಲ್ಲಿ ಮಿತಿಮೀರಿದ ಕರೆಂಟು ಹರಿದಾಗ ಫ್ಯೂಸಿನ ಸಣ್ಣ ಎಳೆಯು ತಾನು ಕರಗಿ ಮನೆಯನ್ನು ಬೆಂಕಿಯಿಂದ ಉಳಿಸುತ್ತದೆ. ಪದೇ ಪದೇ ಫ್ಯೂಸು ಹೋಗುತ್ತದೆಂದು ಬೇಸರಪಟ್ಟು ದಪ್ಪನೆಯ ತಾಮ್ರದ ಎಳೆಯನ್ನು ಸುತ್ತಿಬಿಡುವವರಿದ್ದಾರೆ. ಇದು ಕಾವಲುಗಾರನ ಬಾಯಿಗೆ ಬಟ್ಟೆ ತುರುಕಿದಂತೆ. ಆಗ ಕರಗುವುದು ಫ್ಯೂಸಲ್ಲ, ಗೋಡೆಯ ಮೇಲಿನ ತಂತಿ. ಸಾಧ್ಯವಿದ್ದಲ್ಲಿ ಫ್ಯೂಸಿನ ಬದಲು ಎಂ.ಸಿ.ಬಿ. ಹಾಕಿಸಿರಿ, ಅದು ತಾನಾಗಿಯೇ ಬೀಳುತ್ತದೆ, ದೋಷವನ್ನು ಸರಿಪಡಿಸಿದ ಮೇಲೆ ಮತ್ತೆ ಮೇಲೆತ್ತಬಹುದು.

ಎರಡನೆಯದು ಭೂಸಂಪರ್ಕ, ಅಂದರೆ ಜನರು ಅರ್ಥ್ ಎಂದು ಕರೆಯುವುದು. ಮಿಕ್ಸಿ, ಇಸ್ತ್ರಿ ಪೆಟ್ಟಿಗೆ, ಪಂಪು ಇವುಗಳ ಲೋಹದ ಮೈಗೆ ಒಳಗಿನ ತಂತಿ ತಾಗಿದಾಗ, ಆ ಕರೆಂಟು ನಿಮ್ಮ ಮೈಯ ಮೂಲಕ ಹೋಗದೆ ನೇರವಾಗಿ ಭೂಮಿಗೆ ಇಳಿಯುವಂತೆ ಮಾಡುವ ದಾರಿಯಿದು. ಇದಕ್ಕಾಗಿ ಸುಮಾರು 2.5 ಮೀಟರ್ ಉದ್ದದ ಕಬ್ಬಿಣದ ಜಿ.ಐ. ಕೊಳವೆಯನ್ನು ಗುಂಡಿಯಲ್ಲಿ ಇಳಿಸಿ, ಸುತ್ತಲೂ ಇದ್ದಿಲು ಮತ್ತು ಉಪ್ಪನ್ನು ಪದರ ಪದರವಾಗಿ ತುಂಬುತ್ತಾರೆ. ಒಣಗಿದ ಮಣ್ಣು ಕರೆಂಟನ್ನು ಸರಿಯಾಗಿ ಇಳಿಸಲಾರದು. ಆದ್ದರಿಂದ ಬೇಸಿಗೆಯಲ್ಲಿ ಈ ಗುಂಡಿಗೆ ವಾರಕ್ಕೆ ಒಂದೆರಡು ಸಲ ಒಂದು ಬಿಂದಿಗೆ ನೀರು ಹಾಕುವುದನ್ನು ರೂಢಿಸಿಕೊಳ್ಳಿರಿ. ಮೂರು ಕಡ್ಡಿಯ ಪ್ಲಗ್ಗಿನಲ್ಲಿ ದಪ್ಪನೆಯ ಕಡ್ಡಿಯೇ ಅರ್ಥ್‌ಗೆ ಸೇರಿದ್ದು. ಅದನ್ನು ಮುರಿದು ಹಾಕುವುದು, ಪ್ಲಗ್ಗೇ ಇಲ್ಲದೆ ಬರಿಯ ತಂತಿಯ ತುದಿಗಳನ್ನು ಬೆಂಕಿಕಡ್ಡಿಯಿಂದ ಸಾಕೆಟ್ಟಿಗೆ ಸಿಕ್ಕಿಸುವುದು ಸಾವನ್ನು ಕರೆದು ಕೂರಿಸಿದಂತೆ.

ಮೂರನೆಯದು ಆರ್.ಸಿ.ಸಿ.ಬಿ. ಎಂಬ ಸಾಧನ. ಮನೆಯೊಳಕ್ಕೆ ಹೋದ ಕರೆಂಟು ಅಷ್ಟೇ ಪ್ರಮಾಣದಲ್ಲಿ ಹಿಂದಿರುಗುತ್ತಿದೆಯೇ ಎಂಬುದನ್ನು ಇದು ಸದಾ ತೂಗಿ ನೋಡುತ್ತದೆ. ಎಲ್ಲಿಯೋ ಮನುಷ್ಯನ ಮೈಯ ಮೂಲಕ ಸೋರಿ ಹೋದರೆ ಲೆಕ್ಕ ತಪ್ಪುತ್ತದೆ. ಕೂಡಲೇ, ಕಣ್ಣುರೆಪ್ಪೆ ಬಡಿಯುವಷ್ಟರಲ್ಲಿ, ಕರೆಂಟನ್ನು ಕಡಿದುಹಾಕುತ್ತದೆ. ಫ್ಯೂಸು ಮನೆಯನ್ನು ಕಾಯುತ್ತದೆ, ಈ ಸಾಧನವು ಮನೆಯವರನ್ನು ಕಾಯುತ್ತದೆ. 30 ಮಿಲಿ ಆಂಪಿಯರ್‌ನದನ್ನು ಕೇಳಿ ಹಾಕಿಸಿರಿ. ಅದರ ಮೇಲಿರುವ ಪರೀಕ್ಷಾ ಗುಂಡಿಯನ್ನು ತಿಂಗಳಿಗೊಮ್ಮೆ ಒತ್ತಿ, ಕರೆಂಟು ಹೋಗುತ್ತದೆಯೇ ಎಂದು ನೋಡಿಕೊಳ್ಳಿರಿ. ಮನೆಯಲ್ಲಿ ಗರ್ಭಿಣಿ ಅಥವಾ ಎಳೆಯ ಮಕ್ಕಳಿದ್ದರೆ, ಹೊಸ ಉಪಕರಣವೊಂದನ್ನು ಕೊಳ್ಳುವ ಮೊದಲು ಇದಕ್ಕೆ ಹಣ ತೆಗೆದಿಡುವುದು ವಿವೇಕ.

ತಂತಿಯ ಶಕ್ತಿಯನ್ನರಿತು ಭಾರ ಹೊರಿಸಿರಿ

ಎತ್ತಿನ ಶಕ್ತಿಯನ್ನು ನೋಡಿಕೊಂಡು ಗಾಡಿಗೆ ಹೇರು ಹಾಕುವ ರೈತನಿಗೆ ಈ ಮಾತನ್ನು ಹೆಚ್ಚು ವಿವರಿಸಬೇಕಿಲ್ಲ. ನೀರು ಕಾಯಿಸುವ 1500 ವ್ಯಾಟಿನ ಕಾಯಿಲ್ 60 ವ್ಯಾಟಿನ ಇಪ್ಪತ್ತೈದು ಬಲ್ಬುಗಳಷ್ಟು ಕರೆಂಟನ್ನು ಎಳೆಯುತ್ತದೆ. ದೀಪಕ್ಕೆಂದು ಹಾಕಿದ ಸಣ್ಣ ತಂತಿಗೆ ಇದನ್ನು ಜೋಡಿಸಿದರೆ ತಂತಿ ಬಿಸಿಯಾಗಿ, ಮೇಲಿನ ಹೊದಿಕೆ ಕರಗಿ, ಬೆಂಕಿ ಹತ್ತಬಹುದು. ಕಾಯಿಲ್, ಇಸ್ತ್ರಿ ಪೆಟ್ಟಿಗೆಯಂತಹ ಉಪಕರಣಗಳಿಗೆ 2.5 ಚದರ ಮಿಲಿಮೀಟರ್‌ನ ತಾಮ್ರದ ತಂತಿಯೂ, 16 ಆಂಪಿಯರಿನ ಪ್ರತ್ಯೇಕ ಸಾಕೆಟ್ಟೂ ಇರಬೇಕು. ಬಲ್ಬಿನ ಹೋಲ್ಡರಿನಿಂದ ಕವಲು ತೆಗೆದು ಟಿ.ವಿ.ಗೂ ಮಿಕ್ಸಿಗೂ ತಂತಿ ಎಳೆಯುವ ರೂಢಿಯನ್ನು ಕೈಬಿಡಬೇಕು. ತಂತಿ, ಸ್ವಿಚ್ಚು, ಪ್ಲಗ್ಗು ಯಾವುದನ್ನು ಕೊಂಡರೂ ಐ.ಎಸ್.ಐ. ಗುರುತನ್ನು ನೋಡಿ ಕೊಳ್ಳಿರಿ.

ಸ್ವಿಚ್ಚಿನ ಫಲಕ ಮುಟ್ಟಿದರೆ ಬೆಚ್ಚಗಿರುವುದು, ಸುಟ್ಟ ವಾಸನೆ, ಚಟಪಟ ಸದ್ದು, ಒಂದು ಉಪಕರಣ ಹಾಕಿದೊಡನೆ ದೀಪ ಮಂಕಾಗುವುದು, ನಲ್ಲಿಯನ್ನೋ ಗೋಡೆಯನ್ನೋ ಮುಟ್ಟಿದಾಗ ಜುಮ್ಮೆನ್ನುವುದು: ಇವು ಮನೆಯ ವೈರಿಂಗಿನ ರೋಗಲಕ್ಷಣಗಳು. ಜ್ವರ ಬಂದಾಗ ವೈದ್ಯರನ್ನು ಕಾಣುವಂತೆ, ಈ ಲಕ್ಷಣಗಳು ಕಂಡಾಗ ವಿಳಂಬ ಮಾಡದೆ ಬಲ್ಲವರನ್ನು ಕರೆಸಬೇಕು.

ಬಾಣಂತಿ ಮತ್ತು ಮಗು ಇರುವ ಮನೆ

ಬಾಣಂತಿಯ ಸ್ನಾನಕ್ಕೆ ಹಂಡೆಯ ಬದಲು ಕಾಯಿಲ್ ಬಳಸುವ ಮನೆಗಳು ಈಗ ಹೆಚ್ಚಾಗಿವೆ. ನೀರು ಕಾದಿದೆಯೇ ಎಂದು ಕರೆಂಟು ಇರುವಾಗಲೇ ಬೆರಳು ಅದ್ದಿ ನೋಡುವುದು ಅತ್ಯಂತ ಅಪಾಯಕಾರಿ. ಮೊದಲು ಸ್ವಿಚ್ಚು ಆರಿಸಿ, ಪ್ಲಗ್ಗನ್ನು ಕಿತ್ತು, ಕಾಯಿಲ್ ಅನ್ನು ಹೊರತೆಗೆದ ಬಳಿಕವೇ ನೀರನ್ನು ಮುಟ್ಟತಕ್ಕದ್ದು. ಲೋಹದ ಬಕೆಟ್ಟಿಗಿಂತ ಶಾಖವನ್ನು ತಾಳುವ ದಪ್ಪನೆಯ ಪ್ಲಾಸ್ಟಿಕ್ ಬಕೆಟ್ಟು ಮೇಲು. ಬಕೆಟ್ಟು ನೀರಿಲ್ಲದ ಒಣ ನೆಲದ ಮೇಲಿರಲಿ, ಮಕ್ಕಳು ಸುಳಿಯದ ಸ್ಥಳದಲ್ಲಿರಲಿ. ಬಚ್ಚಲೊಳಗೆ ಸ್ವಿಚ್ಚು, ಸಾಕೆಟ್ಟುಗಳಿರಬಾರದು. ಅವು ಬಾಗಿಲ ಹೊರಗಿರಬೇಕು.

ಕೂಸಿನ ಕಣ್ಣಿಗೆ ಬೆಳಕು ಚುಚ್ಚುತ್ತದೆಂದು ಬಿಸಿಯಾಗುವ ಬಲ್ಬಿಗೆ ಕಾಗದವನ್ನೋ ಬಟ್ಟೆಯನ್ನೋ ಸುತ್ತಬಾರದು, ಅದು ಹೊತ್ತಿಕೊಳ್ಳುತ್ತದೆ. ಅರ್ಧ ಅಥವಾ ಒಂದು ವ್ಯಾಟಿನ ರಾತ್ರಿ ದೀಪವನ್ನು ಹಾಕಿದರೆ ತಾಯಿಗೆ ಹಾಲೂಡಿಸಲು, ಬಟ್ಟೆ ಬದಲಿಸಲು ಸಾಕಾಗುವಷ್ಟು ಬೆಳಕು ದೊರೆಯುತ್ತದೆ. ಅಂಬೆಗಾಲಿಡುವ ಮಗು ಕಂಡದ್ದನ್ನೆಲ್ಲ ಬಾಯಿಗೆ ಇಟ್ಟುಕೊಳ್ಳುತ್ತದೆ. ಮೊಬೈಲನ್ನು ತೆಗೆದುಕೊಂಡು ಚಾರ್ಜರಿನ ತಂತಿಯನ್ನು ಹಾಗೆಯೇ ನೇತುಬಿಟ್ಟು ಹೋಗಬೇಡಿರಿ. ಸ್ವಿಚ್ಚು ಆರಿಸಿ, ತಂತಿಯನ್ನು ಎತ್ತಿಡಿರಿ. ಸಾಕೆಟ್ಟುಗಳು ನೆಲದಿಂದ ಮಗುವಿನ ಕೈಗೆ ಎಟಕದ ಎತ್ತರದಲ್ಲಿರಬೇಕು.

ರೇಷ್ಮೆ ಹುಳುವಿನ ಮನೆಯಲ್ಲಿ

ನಮ್ಮ ಸೀಮೆಯ ಅನೇಕ ಕುಟುಂಬಗಳ ಜೀವನಾಧಾರ ರೇಷ್ಮೆ. ಹುಳುಗಳಿಗೆ 24ರಿಂದ 28 ಡಿಗ್ರಿ ಉಷ್ಣತೆಯೂ ಒಳ್ಳೆಯ ತೇವಾಂಶವೂ ಬೇಕಾದ್ದರಿಂದ ಸಾಕಣೆ ಮನೆಯಲ್ಲಿ ಒದ್ದೆ ಗೋಣಿತಾಟು, ತೇವದ ನೆಲ, ಕಬ್ಬಿಣದ ಅಟ್ಟಣಿಗೆ ಇವೆಲ್ಲ ಒಂದೆಡೆ ಸೇರುತ್ತವೆ. ಕರೆಂಟಿಗೆ ಇದಕ್ಕಿಂತ ಅನುಕೂಲವಾದ ಸ್ಥಳ ಬೇರೊಂದಿಲ್ಲ. ನಾಲ್ಕನೇ ಜ್ವರದಿಂದ ಎದ್ದ ಹುಳುಗಳಿಗೆ ರಾತ್ರಿ ಸೊಪ್ಪು ಹಾಕುವಾಗ ನಿದ್ರೆಗಣ್ಣಿನಲ್ಲಿ ಉದ್ದನೆಯ ತಂತಿಗೆ ಬಲ್ಬು ಸಿಕ್ಕಿಸಿ ಅಟ್ಟಣಿಗೆಯಿಂದ ಅಟ್ಟಣಿಗೆಗೆ ಎಳೆದಾಡುವುದುಂಟು. ಹಾಗೆ ಮಾಡದೆ ದೀಪಗಳನ್ನು ಎತ್ತರದಲ್ಲಿ ಶಾಶ್ವತವಾಗಿ ಹಾಕಿಸಿರಿ. ತಂತಿಯು ಕಬ್ಬಿಣದ ಚೌಕಟ್ಟಿಗೆ ತಾಗದಂತೆ ಕೊಳವೆಯೊಳಗೆ ಹಾಯ್ದಿರಲಿ. ಸೋಂಕು ನಿವಾರಕ ದ್ರಾವಣವನ್ನು ಸಿಂಪಡಿಸುವ ಮೊದಲು ಆ ಮನೆಯ ಮೇನ್ ಆರಿಸಿ, ಗೋಡೆ ನೆಲಗಳು ಒಣಗುವವರೆಗೆ ಹಾಗೆಯೇ ಬಿಡಿರಿ.

ಚಳಿಗಾಲದಲ್ಲಿ ಶಾಖಕ್ಕಾಗಿ ಮುಚ್ಚಿದ ಸಾಕಣೆ ಮನೆಯಲ್ಲಿ ಇದ್ದಿಲ ಒಲೆಯಿಟ್ಟು ಅಲ್ಲಿಯೇ ಮಲಗುವುದು ಬೇಡ. ಇದ್ದಿಲಿನಿಂದ ಹೊರಡುವ ಕಾರ್ಬನ್ ಮೊನಾಕ್ಸೈಡ್ ಎಂಬ ಅನಿಲಕ್ಕೆ ಬಣ್ಣವೂ ಇಲ್ಲ, ವಾಸನೆಯೂ ಇಲ್ಲ; ಮಲಗಿದವರು ಏಳದೇ ಹೋಗಬಹುದು.

ಅಂಗಳ, ಹಿತ್ತಲು ಮತ್ತು ಹೊಲ

ಬಟ್ಟೆ ಒಣಹಾಕಲು ಕಬ್ಬಿಣದ ತಂತಿಯನ್ನು ಬಿಟ್ಟು ನೈಲಾನ್ ಅಥವಾ ನಾರಿನ ಹಗ್ಗವನ್ನೇ ಕಟ್ಟಿರಿ. ಸರ್ವಿಸ್ ತಂತಿಯ ಹೊದಿಕೆ ಸವೆದು ಬಟ್ಟೆಯ ತಂತಿಗೆ ತಾಗಿದ್ದರೆ, ಒದ್ದೆ ಸೀರೆಯನ್ನು ಹರವಲು ಹೋದ ಗೃಹಿಣಿಯ ಪ್ರಾಣಕ್ಕೇ ಸಂಚಕಾರ. ಕಂಬದಿಂದ ಬರುವ ಸರ್ವಿಸ್ ತಂತಿಯು ತಗಡಿನ ಚಾವಣಿಯ ಅಂಚಿಗೆ ಉಜ್ಜದಂತೆ ಎತ್ತರದಲ್ಲಿರಬೇಕು. ವಿದ್ಯುತ್ ಕಂಬಕ್ಕೂ ಅದರ ಬಿಗಿತಂತಿಗೂ ದನಕರುಗಳನ್ನು ಕಟ್ಟಬಾರದು.

ಕಾಡಿನಂಚಿನ ಊರುಗಳಲ್ಲಿ ಆನೆ, ಹಂದಿಗಳ ಕಾಟ ಇರುವುದು ನಿಜ. ಆದರೆ ಬೇಲಿಗೆ ನೇರವಾಗಿ ಮನೆಯ ಅಥವಾ ಪಂಪಿನ ಕರೆಂಟನ್ನು ಹರಿಸುವುದು ಶಿಕ್ಷಾರ್ಹ ಅಪರಾಧ. ಆ ಬೇಲಿಗೆ ಮುಂಜಾನೆ ಸಿಲುಕುವವರು ನಿಮ್ಮ ನೆರೆಯವರೇ ಆಗಬಹುದು, ನಿಮ್ಮ ಮಕ್ಕಳೇ ಆಗಬಹುದು. ಸೌರ ಬೇಲಿಯ ವ್ಯವಸ್ಥೆ ಬೇರೆ. ಅದರಲ್ಲಿ ನಿಯಂತ್ರಕ ಯಂತ್ರವು ಕ್ಷಣಮಾತ್ರದ ಮಿಡಿತಗಳನ್ನಷ್ಟೇ ಹರಿಸುತ್ತದೆ.

ಗಾಳಿಮಳೆಯಲ್ಲಿ ತಂತಿ ಹರಿದು ಬಿದ್ದಿದ್ದರೆ ಅದರಲ್ಲಿ ಕರೆಂಟು ಇದೆಯೆಂದೇ ಭಾವಿಸಿ ಕನಿಷ್ಠ 10 ಮೀಟರ್ ದೂರವಿರಬೇಕು. ಅದರ ಹತ್ತಿರ ಸಿಲುಕಿಕೊಂಡಿದ್ದರೆ ದಾಪುಗಾಲು ಹಾಕದೆ, ಪಾದಗಳನ್ನು ಜೋಡಿಸಿ ನೆಲಕ್ಕೆ ಉಜ್ಜುತ್ತ ಹಿಂದೆ ಸರಿಯಿರಿ. ಜನ, ಜಾನುವಾರು ಹತ್ತಿರ ಹೋಗದಂತೆ ಕಾವಲು ನಿಲ್ಲಿಸಿ, 1912ಕ್ಕೆ ದೂರವಾಣಿ ಮಾಡಿ ಬೆಸ್ಕಾಂಗೆ ತಿಳಿಸಿರಿ.

ಒಳ್ಳೆಯ ಬೆಳಕು, ಕಡಿಮೆ ವೆಚ್ಚ

ಬೆಳಕು ಎಲ್ಲಿ ಬೇಕೋ ಅಲ್ಲಿ ಬೀಳಬೇಕು. ಅಡುಗೆ ಮಾಡುವವರ ಬೆನ್ನ ಹಿಂದೆ ದೀಪವಿದ್ದರೆ ಅವರ ನೆರಳೇ ಒಲೆಯ ಮೇಲೆ ಬೀಳುತ್ತದೆ. ದೀಪವು ಒಲೆಯ ಮುಂದಿನ ಅಥವಾ ಪಕ್ಕದ ಗೋಡೆಯ ಮೇಲಿರಲಿ. ಬಲಗೈಯಲ್ಲಿ ಬರೆಯುವ ಮಗುವಿಗೆ ಎಡಗಡೆಯಿಂದ ಬೆಳಕು ಬರಬೇಕು. ಬಚ್ಚಲು, ಶೌಚಾಲಯ, ಕೊಟ್ಟಿಗೆಗೆ ಹೋಗುವ ದಾರಿಯಲ್ಲಿ ಒಂದು ದೀಪವಿದ್ದರೆ ಗರ್ಭಿಣಿಯರೂ ವೃದ್ಧರೂ ಎಡವಿ ಬೀಳುವುದು ತಪ್ಪುತ್ತದೆ, ಹಾವು ಚೇಳುಗಳು ಕಣ್ಣಿಗೆ ಬೀಳುತ್ತವೆ. ಗೋಡೆಗೆ ವರ್ಷಕ್ಕೊಮ್ಮೆ ಸುಣ್ಣ ಬಳಿದರೆ, ಬಲ್ಬಿನ ಮೇಲಿನ ಹೊಗೆಮಸಿಯನ್ನು ಕರೆಂಟು ಆರಿಸಿ ಒಣಬಟ್ಟೆಯಿಂದ ಒರೆಸಿದರೆ, ಅದೇ ದೀಪ ಹೆಚ್ಚು ಬೆಳಕು ಕೊಡುತ್ತದೆ.

60 ವ್ಯಾಟಿನ ಹಳೆಯ ಬಲ್ಬನ್ನು ದಿನಕ್ಕೆ 6 ಗಂಟೆಯಂತೆ 30 ದಿನ ಉರಿಸಿದರೆ 10.8 ಯೂನಿಟ್ ಖರ್ಚಾಗುತ್ತದೆ. ಅಷ್ಟೇ ಬೆಳಕು ಕೊಡುವ 9 ವ್ಯಾಟಿನ ಎಲ್.ಇ.ಡಿ. ಬಲ್ಬಿಗೆ ಬೇಕಾಗುವುದು ಸುಮಾರು 1.6 ಯೂನಿಟ್ ಮಾತ್ರ. 2023ರಲ್ಲಿ ಜಾರಿಗೆ ಬಂದ ಗೃಹಜ್ಯೋತಿ ಯೋಜನೆಯು ಉಚಿತ ವಿದ್ಯುತ್ತಿಗೆ ತಿಂಗಳಿಗೆ 200 ಯೂನಿಟ್‌ಗಳ ಗರಿಷ್ಠ ಮಿತಿಯಿಟ್ಟು, ಆಯಾ ಮನೆಯ ಸರಾಸರಿ ಬಳಕೆಯನ್ನು ಆಧಾರವಾಗಿರಿಸಿಕೊಂಡಿತು. ಉಚಿತವೆಂದು ದುಂದುಮಾಡಿದರೆ ತಂತಿಗೂ ಭಾರ, ಮಿತಿ ಮೀರಿದಾಗ ಕೈಗೂ ಭಾರ.

ಕರೆಂಟು ಹೋದಾಗ ಸೀಮೆಎಣ್ಣೆ ಬುಡ್ಡಿಗೆ ಹಿಂದಿರುಗಬೇಡಿರಿ. ಅದರ ಹೊಗೆ ಮಕ್ಕಳ ಶ್ವಾಸಕೋಶಕ್ಕೆ ಕೆಡುಕು; ಉರುಳಿದರೆ ಸುಟ್ಟಗಾಯ. ಚಾರ್ಜು ಮಾಡುವ ಅಥವಾ ಸೌರಶಕ್ತಿಯ ಒಂದು ದೀಪವನ್ನೂ ಒಂದು ಬ್ಯಾಟರಿಯನ್ನೂ ಎಲ್ಲರಿಗೂ ಗೊತ್ತಿರುವ ಜಾಗದಲ್ಲಿಡಿರಿ.

ಕರೆಂಟು ಹೊಡೆದಾಗ ಏನು ಮಾಡಬೇಕು?

1. ಸಿಲುಕಿದವರನ್ನು ಮುಟ್ಟಬೇಡಿರಿ. ಪ್ರೀತಿಯಿಂದ ತಬ್ಬಿ ಎಳೆಯಲು ಹೋದವರೂ ಜೊತೆಯಲ್ಲಿಯೇ ಪ್ರಾಣ ಕಳೆದುಕೊಳ್ಳುತ್ತಾರೆ. ಮೊದಲು ಮೇನ್ ಆರಿಸಿರಿ.

2. ಮೇನ್ ದೂರವಿದ್ದರೆ ಒಣಗಿದ ಹಲಗೆಯ ಮೇಲೆ ನಿಂತು, ಒಣ ಬಿದಿರಿನ ಗಳದಿಂದ ತಂತಿಯನ್ನು ಸರಿಸಿರಿ. ಈ ಉಪಾಯ ಮನೆಯ ಕರೆಂಟಿಗೆ ಮಾತ್ರ. ಊರ ಹೊರಗಿನ ದೊಡ್ಡ ಲೈನಿಗೆ ಸಿಲುಕಿದವರ ಹತ್ತಿರ, ಲೈನು ಆರಿಸಿರುವುದು ಖಚಿತವಾಗುವವರೆಗೆ, ಗಳ ಹಿಡಿದೂ ಹೋಗಬಾರದು.

3. 108ಕ್ಕೆ ಕರೆ ಮಾಡಿಸಿರಿ.

4. ಕರೆದರೆ ಓಗೊಡದೆ, ಉಸಿರಾಟವೂ ಇಲ್ಲದಿದ್ದರೆ ಅಂಗಾತ ಮಲಗಿಸಿ, ಎದೆಯ ನಡುವೆ ಅಂಗೈಯ ಬುಡವನ್ನಿಟ್ಟು, ಅದರ ಮೇಲೆ ಇನ್ನೊಂದು ಕೈಯಿಟ್ಟು, ಮೊಣಕೈ ಮಡಿಸದೆ ಸುಮಾರು 5 ಸೆಂಟಿಮೀಟರ್ ಆಳಕ್ಕೆ ಒತ್ತಿ ಬಿಡಿರಿ. ನಿಮಿಷಕ್ಕೆ 100ರಿಂದ 120 ಸಲ ಒತ್ತಬೇಕು. ಬಲ್ಲವರಿದ್ದರೆ 30 ಸಲ ಒತ್ತಿದ ಬಳಿಕ 2 ಸಲ ಬಾಯಿಯಿಂದ ಉಸಿರು ಕೊಡಬಹುದು. ಉಸಿರು ಮರಳುವವರೆಗೆ ಅಥವಾ ನೆರವು ಬರುವವರೆಗೆ ನಿಲ್ಲಿಸಬೇಡಿರಿ. ದಣಿದರೆ ಮತ್ತೊಬ್ಬರು ಮುಂದುವರಿಸಲಿ. ಮಣ್ಣಿನಲ್ಲಿ ಹೂಳುವುದು, ಬಾಯಿಗೆ ನೀರು ಹಾಕುವುದು ಬೇಡ.

5. ಸುಟ್ಟ ಗಾಯವಿದ್ದರೆ ಕರೆಂಟಿನಿಂದ ಬಿಡಿಸಿದ ಮೇಲೆ ತಣ್ಣೀರನ್ನು 20 ನಿಮಿಷ ಹರಿಸಿ, ಶುಭ್ರವಾದ ಬಟ್ಟೆ ಮುಚ್ಚಿರಿ. ಶಾಯಿ, ಅರಿಶಿನ, ಸಗಣಿ ಹಚ್ಚಬಾರದು.

6. ಚೇತರಿಸಿಕೊಂಡವರನ್ನೂ ವೈದ್ಯರಿಗೆ ತೋರಿಸಿರಿ. ಹೊರಗೆ ಗಾಯ ಸಣ್ಣದಾಗಿ ಕಂಡರೂ ಒಳಗೆ ಹೃದಯಕ್ಕೂ ಮಾಂಸಖಂಡಗಳಿಗೂ ಪೆಟ್ಟಾಗಿರಬಹುದು. ಗರ್ಭಿಣಿಗೆ ಸಣ್ಣ ಶಾಕ್ ಹೊಡೆದಿದ್ದರೂ, ಅವಳು ಚೆನ್ನಾಗಿದ್ದರೂ, ಹೊಟ್ಟೆಯಲ್ಲಿರುವ ಮಗುವಿನ ಸಲುವಾಗಿ ಅಂದೇ ಪರೀಕ್ಷೆ ಮಾಡಿಸತಕ್ಕದ್ದು.

ಮುಂಗಾರಿಗೆ ಮೊದಲು

ಯುಗಾದಿಗೆ ಮನೆ ಸಾರಿಸಿ, ಸುಣ್ಣ ಬಳಿಯುವುದು ನಮ್ಮ ಪದ್ಧತಿ. ಆ ದಿನಗಳಲ್ಲಿಯೇ ಪತಿಪತ್ನಿಯರಿಬ್ಬರೂ ಒಂದು ಗಳಿಗೆ ಬಿಡುವು ಮಾಡಿಕೊಂಡು ಮನೆಯ ತಂತಿಗಳನ್ನು ಬರಿಗಣ್ಣಿನಿಂದ ನೋಡಿಬನ್ನಿರಿ. ಹೊದಿಕೆ ಬಿಟ್ಟ ತಂತಿ, ಒಡೆದ ಸ್ವಿಚ್ಚು, ಕಡ್ಡಿ ಮುರಿದ ಪ್ಲಗ್ಗು, ಗೋಡೆ ತೇವವಾಗುವ ಜಾಗದ ಸಾಕೆಟ್ಟು, ಬಟ್ಟೆ ಒಣಹಾಕುವ ತಂತಿ ಇವನ್ನು ಗುರುತು ಮಾಡಿಕೊಂಡು, ಮಳೆ ಹಿಡಿಯುವ ಮೊದಲು ಬಲ್ಲವರಿಂದ ಸರಿಪಡಿಸಿಕೊಳ್ಳಿರಿ. ಎಲ್ಲವನ್ನೂ ಒಮ್ಮೆಗೇ ಮಾಡಿಸಲು ಹಣ ಸಾಲದಿದ್ದರೆ ಮೊದಲು ಅರ್ಥ್, ಬಳಿಕ ಆರ್.ಸಿ.ಸಿ.ಬಿ., ಆಮೇಲೆ ಹೊಸ ತಂತಿ ಎಂಬ ಕ್ರಮವನ್ನು ಅನುಸರಿಸಬಹುದು. ಹಗ್ಗ ಕಟ್ಟುವುದಕ್ಕೂ, ಮೇನ್ ಸ್ವಿಚ್ಚಿನ ಮುಂದಿನ ಮೂಟೆ ತೆಗೆಯುವುದಕ್ಕೂ ಹಣವೇ ಬೇಕಿಲ್ಲ.

ಮಕ್ಕಳಿಗೆ ಚುಚ್ಚುಮದ್ದು ಹಾಕಿಸುವುದು, ಕುಡಿಯುವ ನೀರನ್ನು ಕಾಯಿಸಿ ಆರಿಸುವುದು ಹೇಗೆ ದಂಪತಿಗಳಿಬ್ಬರ ಹೊಣೆಯೋ, ಮನೆಯ ಕರೆಂಟನ್ನು ಸುಸ್ಥಿತಿಯಲ್ಲಿಡುವುದೂ ಹಾಗೆಯೇ ಇಬ್ಬರ ಹೊಣೆ. ಇಂದು ಸಂಜೆ ದೀಪ ಹಚ್ಚುವ ಮೊದಲು ಇಬ್ಬರೂ ಮೇನ್ ಸ್ವಿಚ್ಚಿನ ಬಳಿ ನಿಂತು, ಅದನ್ನು ಒಮ್ಮೆ ಆರಿಸಿ ಹಾಕಿ ನೋಡಿರಿ.